ಕೈಗೆಟುಕಿದ ಕುಂಡಗಳು

ಮಾರ್ಚ್ 3, ಸೋಮವಾರ

ಇವತ್ತು ನಿರ್ದೇಶಕರು ನನ್ನನ್ನು ಕೋಣೆಗೆ ಕರೆದು, ಕುರ್ಚಿ ತೋರಿಸಿ, "ಕೂತ್ಕೊಳ್ಳಿ, ಟೀ ತರಿಸ್ಲಾ?" ಎಂದರು. ನನ್ನ ಸೇವಾವಧಿಯಲ್ಲಿ ಅವರು ಹಿಂದೊಮ್ಮೆ ಹೀಗೆ ಟೀ ಕೇಳಿದ್ದರು. ಆಗ ನನ್ನ ಕಿಟಕಿಯಿರುವ ಕೋಣೆ ಹೋಗಿತ್ತು. ಹಾಗಾಗಿ ಟೀ ಬರುವ ಮೊದಲೇ, "ವಿಷಯ ಹೇಳಿಬಿಡಿ ಸರ್" ಎಂದೆ.

ವಿಷಯ ಇಷ್ಟು. ಕಾಡು ಈರುಳ್ಳಿಗಳ ಇಡೀ ಕುಲವನ್ನು ಯಾರೋ ಹೊಸದಾಗಿ ವರ್ಗೀಕರಿಸುತ್ತಿದ್ದಾರಂತೆ. ಆ ಸಂಶೋಧಕಿ ಮುಂದಿನ ವಾರ ಬಂದು, ಏಪ್ರಿಲ್ ಮುಗಿಯುವವರೆಗೆ ನಮ್ಮ ಸಸ್ಯ ಸಂಗ್ರಹಾಲಯದಲ್ಲಿ, ಅದೂ ನನ್ನ ಮೇಜಿನಲ್ಲೇ, ಕೆಲಸ ಮಾಡುತ್ತಾಳಂತೆ.

ನಮ್ಮಲ್ಲಿ ಕಬ್ಬಿಣದ ಬೀರುಗಳ ತುಂಬ ಒಣಗಿಸಿ ಹಾಳೆಗೆ ಅಂಟಿಸಿದ ಗಿಡಗಳಿವೆ. ಅವುಗಳಲ್ಲಿ ಒಂದೇ ಒಂದು ಹಾಳೆ ನನ್ನದು. ಹರೆಯದಲ್ಲಿ, ಕಲ್ಲುಗಣಿಯ ಹಿಂದಿನ ಇಳಿಜಾರಿನಲ್ಲಿ ನಾನು ಕಂಡುಹಿಡಿದ ಕಾಡು ಈರುಳ್ಳಿ ಅದು. ಗೇಣುದ್ದವೂ ಇಲ್ಲದ ದಂಟು, ದಾರದಂಥ ದುಂಡನೆಯ ಎಲೆ, ಕಡುಗೆಂಪು ಹೂವು, ಈರುಳ್ಳಿಯಾದರೂ ವಾಸನೆಯೇ ಇಲ್ಲ. ಹೊಸ ಪ್ರಭೇದವೆಂದು ಸಾರಿ, ನನ್ನ ಗುರುಗಳ ಹೆಸರಿಟ್ಟೆ. ಬೇರೆಯವರಿಗೆ ಮನೆ, ಮಕ್ಕಳು, ಮೊಮ್ಮಕ್ಕಳು ಇರುತ್ತಾರೆ. ನನಗೆ ಈ ಈರುಳ್ಳಿ ಇದೆ.

ಬರುವವಳ ಕೀರ್ತಿ ಅವಳಿಗಿಂತ ಮೊದಲೇ ಬಂದಿದೆ. ಹೋದ ವರ್ಷ ಬೇರೊಂದು ಸಂಗ್ರಹಾಲಯಕ್ಕೆ ಹೋಗಿ, ಅಲ್ಲಿನ ಅರ್ಧಕ್ಕರ್ಧ ಪ್ರಭೇದಗಳನ್ನು "ಇವೆಲ್ಲ ಒಂದೇ" ಎಂದು ಗುಡಿಸಿ ಹಾಕಿದವಳು. ಈ ದಿನಚರಿಯಲ್ಲಿ ಅವಳನ್ನು ಪೊರಕೆ ಎಂದು ಕರೆಯುತ್ತೇನೆ. ಹೆಸರಿಡುವುದು ನನ್ನ ವೃತ್ತಿ.

ಟೀಯಲ್ಲಿ ಸಕ್ಕರೆ ಇರಲಿಲ್ಲ.

ಮಾರ್ಚ್ 6, ಗುರುವಾರ

ಕೆಟ್ಟದ್ದು ಒಂಟಿಯಾಗಿ ಬರುವುದಿಲ್ಲ. ಅಕ್ಕ ಪರದೆ ಕಟ್ಟಲು ಸ್ಟೂಲು ಹತ್ತಿ, ಬಿದ್ದು, ಕಾಲಿನ ಗಿಣ್ಣು ಮುರಿದುಕೊಂಡಿದ್ದಾಳೆ. ಅವಳ ಮನೆ ನಾಲ್ಕನೇ ಮಹಡಿ, ಲಿಫ್ಟ್ ಇಲ್ಲ. ನನ್ನದಕ್ಕೆ ಇದೆ. "ಪ್ಲಾಸ್ಟರ್ ಬಿಚ್ಚೋವರೆಗೂ ನಿನ್ನ ಹತ್ರ ಇರ್ತೀನಿ ಪುಟ್ಟಾ" ಎಂದಳು. ಅದು ಪ್ರಶ್ನೆಯಾಗಿರಲಿಲ್ಲ. ದೊಡ್ಡಾಸ್ಪತ್ರೆಯಲ್ಲಿ ಹೆಡ್ ನರ್ಸ್ ಆಗಿದ್ದು ನಿವೃತ್ತಳಾದವಳು. ಪ್ರಶ್ನೆ ಕೇಳುವ ಅಭ್ಯಾಸ ತಪ್ಪಿಹೋಗಿದೆ.

ನನಗೆ ಐವತ್ತೇಳು. ಅವಳಿಗೆ ಈಗಲೂ ಪುಟ್ಟ.

ಸಂಜೆಯ ಹೊತ್ತಿಗೆ ನನ್ನ ಬೆತ್ತದ ಕುರ್ಚಿ ಬಾಲ್ಕನಿಗೆ ಹೋಯಿತು. ಅದರ ಮೇಲೆ ಅಕ್ಕ, ಮುಂದಿನ ಸ್ಟೂಲಿನ ಮೇಲೆ ಅವಳ ಕಾಲು, ಪಕ್ಕದಲ್ಲಿ ನನ್ನ ರೇಡಿಯೊ.

"ಇದೇನೋ ಈ ಕುಂಡಗಳು? ಒಣಗಿ ಸಾಯ್ತಿವೆಯಲ್ಲೋ."

"ಸಾಯ್ತಿಲ್ಲ ಅಕ್ಕ. ಅವು ಇರೋದೇ ಹಾಗೆ. ಕಲ್ಲುಗಣಿಯ ಗಿಡ. ಕಲ್ಲುಪುಡಿಯಲ್ಲೇ ಬೆಳೆಸ್ಬೇಕು, ಭಾನುವಾರ ಒಂದು ಚಮಚ ನೀರು, ಅಷ್ಟೇ."

ಅಕ್ಕ ಒಮ್ಮೆ ಗಿಡಗಳನ್ನು, ಒಮ್ಮೆ ನನ್ನನ್ನು ನೋಡಿ, "ಹೆತ್ತವರಿಗೆ ಹೆಗ್ಗಣ ಮುದ್ದು" ಎಂದು ರೇಡಿಯೊ ಹಚ್ಚಿದಳು.

ಮಾರ್ಚ್ 10, ಸೋಮವಾರ

ಪೊರಕೆ ಬಂದಳು. ಮೂವತ್ತರ ಆಸುಪಾಸು. ಕೂದಲನ್ನು ಪೆನ್ಸಿಲಿನಿಂದ ಸಿಕ್ಕಿಸಿ ಕಟ್ಟುತ್ತಾಳೆ. ಆಮೇಲೆ ಪೆನ್ಸಿಲು ಕಾಣೆಯೆಂದು ನನ್ನದನ್ನು ಕೇಳುತ್ತಾಳೆ.

ನನ್ನ ಹಾಳೆಯನ್ನು ಭೂತಗನ್ನಡಿ ಹಿಡಿದು ಬಹಳ ಹೊತ್ತು ನೋಡಿ, ಮೆತ್ತಗೆ ಕೇಳಿದಳು. "ಸರ್, ಇದು ಮಾಮೂಲಿ ಕಾಡು ಈರುಳ್ಳಿನೇ ಬರಗಾಲಕ್ಕೆ ಸಿಕ್ಕಿ ಹೀಗಾಗಿರಬಹುದಲ್ವಾ?"

"ಬರಗಾಲಕ್ಕೆ ಸಿಕ್ಕಿದ್ದಲ್ಲಮ್ಮ. ಇದರ ಹುಟ್ಟುಗುಣ. ಮನೇಲಿ ಕುಂಡದಲ್ಲಿ ಬೆಳೆಸಿದೀನಿ. ಅಲ್ಲೂ ಹೀಗೇ ಇದೆ."

"ಯಾವ ಮಣ್ಣಲ್ಲಿ ಸರ್?"

"ಕಲ್ಲುಪುಡಿ."

"ನೀರು?"

"ವಾರಕ್ಕೊಂದು ಚಮಚ."

ಭೂತಗನ್ನಡಿ ಕೆಳಗಿಟ್ಟಳು. "ಸರ್, ನನ್ನನ್ನೂ ವಾರಕ್ಕೊಂದು ಚಮಚ ನೀರು ಕೊಟ್ಟು ಬೆಳೆಸಿದ್ರೆ ನಾನೂ ಬೇರೆ ಪ್ರಭೇದ ಆಗಿರ್ತಿದ್ದೆ."

ಇದಕ್ಕೆ ತಕ್ಕ ಉತ್ತರ ಮನೆಗೆ ಬರುವಾಗ ದಾರಿಯಲ್ಲಿ ಹೊಳೆಯಿತು. ತುಂಬ ಚೆನ್ನಾಗಿತ್ತು. ಈಗ ಬರೆದಿಡೋಣವೆಂದರೆ ಮರೆತುಹೋಗಿದೆ. ಅಕ್ಕ ರೇಡಿಯೊ ಜೋರಾಗಿಟ್ಟರೆ ಯಾರಿಗೆ ತಾನೇ ಏನು ನೆನಪಿರುತ್ತದೆ?

ಮಾರ್ಚ್ 12, ಬುಧವಾರ

ಪೊರಕೆ ನನ್ನ ಮೇಜಿನ ದೀಪ ತೆಗೆದುಕೊಂಡಳು. ಅಕ್ಕ ನನ್ನ ದಿಂಬು ತೆಗೆದುಕೊಂಡಳು. ನನ್ನದೆಂದು ಹೇಳಿಕೊಳ್ಳಲು ಉಳಿದಿರುವುದು ಹಲ್ಲುಜ್ಜುವ ಬ್ರಷ್ಷು.

ಮಾರ್ಚ್ 16, ಭಾನುವಾರ

ಪೊರಕೆಗೆ ವಿವರವಾದ ಖಂಡನೆ ಬರೆಯಲು ನಿರ್ಧರಿಸಿದ್ದೇನೆ. ಇನ್ನು ರಜಾ ದಿನಗಳಲ್ಲೂ ಬೆಳಗಿನಿಂದ ಗ್ರಂಥಾಲಯವೇ ಗತಿ. ಭಾನುವಾರದ ನೀರಿನ ಹೊಣೆಯನ್ನು ಅಕ್ಕನಿಗೆ ವಹಿಸಿದೆ. "ಕುಂಡಕ್ಕೊಂದೇ ಚಮಚ" ಎಂದು ಮತ್ತೆ ಮತ್ತೆ ಹೇಳಿದೆ.

"ಆಯುಷ್ಯ ಪೂರ್ತಿ ಔಷಧಿ ಅಳೆದು ಕೊಟ್ಟವಳಿಗೆ ಚಮಚ ಹಿಡಿಯೋದು ಹೇಳಿಕೊಡ್ತೀಯಲ್ಲೋ" ಎಂದಳು.

ಅವಳ ಮಾತಿನಲ್ಲಿ ಸತ್ಯವಿದೆ. ನೆಮ್ಮದಿಯಿಂದ ಹೊರಟೆ.

ಮಾರ್ಚ್ 19, ಬುಧವಾರ

ಮಾನ ಹೋಯಿತು. ಊಟದ ಡಬ್ಬಿ ಮರೆತು ಬಂದಿದ್ದೆ. ಅಕ್ಕ ಕಚೇರಿಗೆ ಫೋನ್ ಮಾಡಿದಳು. ಎತ್ತಿದ್ದು ಪೊರಕೆ.

"ಪುಟ್ಟ ಅಂತ ಯಾರೂ ಇಲ್ಲವಲ್ಲ... ಕನ್ನಡಕ ಹಾಕ್ಕೊಂಡು, ಸದಾ ಸಿಡಿಮಿಡಿ ಅಂತ... ಓ! ಇದಾರೆ, ಇದಾರೆ!"

ರಿಸೀವರನ್ನು ಕೈಯಿಂದ ಮುಚ್ಚಿ ನನ್ನ ಕಡೆ ತಿರುಗಿದಾಗ ಅವಳ ಮುಖ ನಗು ತಡೆದು ಟೊಮೆಟೊ ಆಗಿತ್ತು. "ಸರ್, ಪುಟ್ಟನಿಗೆ ಫೋನು."

ನಾನು ಮಾತು ಮುಗಿಸಿದ ಮೇಲೆ ಅವಳೇ ಮತ್ತೆ ರಿಸೀವರ್ ತೆಗೆದುಕೊಂಡಳು. ಅವಳ ಕುತ್ತಿಗೆ ನೋವಿಗೆ ಅಕ್ಕ ವ್ಯಾಯಾಮ ಹೇಳಿಕೊಟ್ಟಳು. ಪೊರಕೆ ಭೂತಗನ್ನಡಿಯ ಪಕ್ಕದಲ್ಲಿ ನಿಂತು ಕತ್ತನ್ನು ಗಿರಗಿರ ತಿರುಗಿಸಿದಳು. ಸಂಜೆ ಹೊರಟಾಗ ಗೇಟಿನ ಕಾವಲುಗಾರ ಎಂದಿಗಿಂತ ಅಗಲವಾಗಿ ನಕ್ಕ. ಅವನಿಗೆ ಯಾರು ಹೇಳಿದರೋ.

ಮಾರ್ಚ್ 27, ಗುರುವಾರ

ಡಬ್ಬಿ ಹೊರಲಾರದಷ್ಟು ಭಾರವಾಗಿದೆ. ಅಕ್ಕ ಈಗ ಇಬ್ಬರಿಗೆ ಕಟ್ಟುತ್ತಿದ್ದಾಳೆ. ವೈರಿಗೆ ನಾನೇ ಬುತ್ತಿ ಹೊತ್ತುಕೊಂಡು ಹೋಗುವುದು! ಪೊರಕೆ ಪಲ್ಯವನ್ನೆಲ್ಲ ಬಳಿದು ತಿಂದು, "ಅಕ್ಕನ ಕೈರುಚಿಯೇ ಬೇರೆ ಪ್ರಭೇದ ಸರ್" ಎಂದಳು. ಅದೊಂದು ಪ್ರಭೇದವನ್ನಾದರೂ ಒಪ್ಪಿಕೊಂಡಳಲ್ಲ.

ಹಳೆಯ ಹಾಳೆಗಳಲ್ಲಿ ಕೇಸರಗಳನ್ನು ಹೇಗೆ ನೋಡಬೇಕೆಂಬುದು ಅವಳಿಗೆ ಸರಿಯಾಗಿ ಗೊತ್ತಿಲ್ಲ. ಒಣಗಿದ ಹೂವನ್ನು ಬಿಸಿನೀರಿನಲ್ಲಿ ನೆನೆಸಿ ಬಿಡಿಸುವುದನ್ನು ತೋರಿಸಿದೆ. ತೋರಿಸದಿದ್ದರೆ ಹೂವು ಹಾಳು ಮಾಡುತ್ತಿದ್ದಳು, ಅದಕ್ಕೆ. ತೋರಿಸುತ್ತ ತೋರಿಸುತ್ತ ಕಚೇರಿ ಮುಚ್ಚುವ ಹೊತ್ತಾಯಿತು. ಖಂಡನೆಯ ಕೆಲಸ ಇವತ್ತು ಮುಂದುವರಿಯಲಿಲ್ಲ.

ಏಪ್ರಿಲ್ 6, ಭಾನುವಾರ

ಆದದ್ದನ್ನು ಆದ ಹಾಗೇ ಬರೆಯುತ್ತೇನೆ.

ಗ್ರಂಥಾಲಯಕ್ಕೆ ಇವತ್ತು ಬೀಗ. ಮನೆಗೆ ವಾಪಸು ಬಂದೆ. ಅಕ್ಕ ಮಲಗಿದ್ದಳು. ಬಾಲ್ಕನಿಯಲ್ಲಿ ಇಷ್ಟು ದಿನ ಅವಳಿಗೆ ಬಿಸಿಲು ತಾಗದಂತೆ ಕಟ್ಟಿದ್ದ, ಕುಂಡಗಳನ್ನೂ ಮರೆಮಾಡಿದ್ದ ಹಾಸಿಗೆ ವಸ್ತ್ರವನ್ನು ಒಗೆಯಲು ತೆಗೆದಾಗಿತ್ತು. ಕುಂಡಗಳು ಕಂಡವು.

ಕುರ್ಚಿಯ ಪಕ್ಕದಲ್ಲಿರುವ ಕುಂಡಗಳಲ್ಲಿ ಮೊಣಕಾಲೆತ್ತರದ ಗಿಡಗಳು! ದಾರದಂಥ ಎಲೆಗಳ ಜಾಗದಲ್ಲಿ ಬೆರಳಗಲದ ಚಪ್ಪಟೆ ಎಲೆಗಳು. ಹೂಗಳು ತಿಳಿಗುಲಾಬಿ. ಬಾಗಿ ಮೂಸಿದೆ. ಕಣ್ಣಲ್ಲಿ ನೀರು ಬಂತು. ಅರ್ಧ ವಾಸನೆಗೆ, ಅರ್ಧ ದುಃಖಕ್ಕೆ. ಅಪ್ಪಟ ಮಾಮೂಲಿ ಕಾಡು ಈರುಳ್ಳಿ.

ಅದೇ ಬಾಲ್ಕನಿಯ ಆಚೆ ತುದಿಯ ಕುಂಡಗಳು ಮಾತ್ರ ಇದ್ದ ಹಾಗೇ ಇವೆ. ಕುಳ್ಳಗೆ, ಕೆಂಪಗೆ, ವಾಸನೆಯಿಲ್ಲದೆ.

ಅಕ್ಕನನ್ನು ಎಬ್ಬಿಸಿದೆ. "ಏನು ಮಾಡಿದೆ?"

"ಏನು ಮಾಡಿದೆ ಅಂದ್ರೆ? ತಿಂಡಿ ಮಾಡಿದೆ, ಸ್ನಾನ ಮಾಡಿದೆ."

"ಗಿಡಕ್ಕೆ ಏನು ಮಾಡಿದೆ ಅಕ್ಕಾ!"

ಅವಳ ಮುಖ ಅರಳಿತು. "ನೋಡಿದೆಯಾ? ಹೇಗೆ ಚೇತರಿಸಿಕೊಂಡಿವೆ! ಕಣ್ಣೆದುರಿಗೆ ಬಾಯಿ ಬಿಟ್ಕೊಂಡು ನಿಂತಿದ್ರೆ ನೀರು ಕೊಡದೆ ಇರಕ್ಕಾಗತ್ತೇನೋ? ಕೆಳಗಿನ ಮನೆಯಾಕೆ ಒಂದು ಚೀಲ ಗೊಬ್ಬರದ ಮಣ್ಣು ಕೊಟ್ಲು. ಆ ಕಲ್ಲುಪುಡಿ ತೆಗೆದು ಹಾಕ್ದೆ. ತರಕಾರಿ ತೊಳೆದ ನೀರು, ಉಳಿದ ಟೀ ಸೊಪ್ಪು, ಎಲ್ಲ ಅವಕ್ಕೇ. ಆ ಕಡೆಯವು ಪಾಪ, ನನ್ನ ಕೈಗೆ ಎಟುಕಲ್ಲ. ಇವತ್ತು ನೀನು ಇತ್ತ ಸರಿಸಿಕೊಡು."

ಬೆಳೆದ ಗಿಡಗಳ ಕುಂಡಗಳನ್ನು ಒಂದೊಂದಾಗಿ ಹೊತ್ತು ಬಚ್ಚಲುಮನೆಯಲ್ಲಿ ಇಟ್ಟು, ಬಾಗಿಲು ಹಾಕಿದೆ.

ಏಪ್ರಿಲ್ 8, ಮಂಗಳವಾರ

ವಾಸನೆ ಬಚ್ಚಲಿಂದ ಹೊರಟು, ಟವೆಲಿಗೆ ಹತ್ತಿ, ಟವೆಲಿನಿಂದ ನನಗೆ ಹತ್ತಿ, ನನ್ನ ಜೊತೆ ಕಚೇರಿಗೆ ಬಂದಿದೆ. ಪೊರಕೆ ಮೂಗು ಅರಳಿಸಿ, "ಎಲ್ಲೋ ಈರುಳ್ಳಿ..." ಎಂದಳು.

"ನನ್ನ ಗಿಡಕ್ಕೆ ವಾಸನೆಯೇ ಇಲ್ಲ!" ಎಂದುಬಿಟ್ಟೆ.

"ನಿಮ್ಮ ಗಿಡ ಅಂತ ನಾನೆಲ್ಲಿ ಅಂದೆ ಸರ್?"

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗಾಯಿತು.

ಏಪ್ರಿಲ್ 10, ಗುರುವಾರ

ಅಕ್ಕ ಮುಷ್ಕರ ಹೂಡಿದಳು. "ಮೈ ತೊಳ್ಕೊಳ್ಳೋವಾಗ ಅಷ್ಟೂ ಗಿಡ ನನ್ನನ್ನೇ ನೋಡ್ತಾ ನಿಂತಿರ್ತವೆ. ಅವು ಮಾಡಿದ ಅಪರಾಧ ಏನು ಅಂತ ಹೇಳು. ಇಲ್ಲದಿದ್ರೆ ಹೊರಗಿಡು."

ಹೇಳಿದೆ. ಇದೊಂದೇ ನಾನು ಹೆಸರಿಟ್ಟ ಪ್ರಭೇದವೆಂದೂ, ಒಳ್ಳೆಯ ಮಣ್ಣು ನೀರು ಸಿಕ್ಕೊಡನೆ ಅದು ಮಾಮೂಲಿಯಾಗಿಬಿಟ್ಟರೆ ಅದು ಪ್ರಭೇದವೇ ಅಲ್ಲವೆಂದೂ, ಪೊರಕೆ ಕಂಡರೆ ನನ್ನ ಕತೆ ಅಲ್ಲಿಗೆ ಮುಗಿಯಿತೆಂದೂ ಹೇಳಿದೆ.

ಅಕ್ಕ ಬಹಳ ಹೊತ್ತು ಪ್ಲಾಸ್ಟರಿನ ಮೇಲೆ ಬೆರಳಾಡಿಸುತ್ತ ಕೂತಳು. "ನಂಗೊತ್ತಿರ್ಲಿಲ್ಲ ಪುಟ್ಟಾ. ಆದ್ರೂ ಬದುಕಿಸಿದ್ದು ತಪ್ಪು ಅಂತ ಹೇಗೋ ಒಪ್ಪಿಕೊಳ್ಳಲಿ? ರೋಗಿ ಹುಷಾರಾಗಿ ಎದ್ದು ಕೂತ್ರೆ, 'ಅಯ್ಯೋ, ಎಂಥಾ ಅಪರೂಪದ ಕಾಯಿಲೆ ಹೋಯ್ತಲ್ಲ' ಅಂತ ಡಾಕ್ಟ್ರು ಅಳ್ತಾರಾ?"

ಅಳುವ ಡಾಕ್ಟರು ಇದ್ದಾರೆಂದೇ ನನ್ನ ಅನುಮಾನ. ಆದರೆ ವಾದಿಸಲಿಲ್ಲ. ಅವಳ ಕಣ್ಣು ತುಂಬಿತ್ತು. ಟೀ ಮಾಡಿ ಕೊಟ್ಟೆ. ರೇಡಿಯೊ ನಾನೇ ಹಚ್ಚಿದೆ.

ಏಪ್ರಿಲ್ 13, ಭಾನುವಾರ

ಆಗಬಾರದ್ದು ಆಯಿತು, ಅಥವಾ ಆಗಬೇಕಾದ್ದೇ ಆಯಿತು. ಯಾವುದೆಂದು ನಾಳೆ ಯೋಚಿಸುತ್ತೇನೆ.

ಅಕ್ಕ ಪೊರಕೆಯನ್ನು ಊಟಕ್ಕೆ ಕರೆದಿದ್ದಾಳೆಂದು ತಿಳಿದದ್ದು ಬಾಗಿಲ ಗಂಟೆ ಹೊಡೆದಾಗ. ಬಚ್ಚಲಿಗೆ ಬೀಗ ಹಾಕಿ ಕೀಲಿಯನ್ನು ಜೇಬಿಗೆ ಹಾಕಿಕೊಂಡೆ. ಕೈ ತೊಳೆಯಲು ಅಡುಗೆಮನೆ ತೋರಿಸಿದೆ.

ಊಟದ ನಡುವೆ ಆ ಹುಡುಗಿ ತಟ್ಟೆ ನೋಡುತ್ತಲೇ ಹೇಳಿದಳು. "ಸರ್, ಕರಡು ಮುಗೀತು. ನಿಮ್ಮ ಪ್ರಭೇದ ಉಳಿಸಿದೀನಿ. ಪಕ್ಕದಲ್ಲಿ ಒಂದು ಪ್ರಶ್ನಾರ್ಥಕ ಚಿಹ್ನೆ ಹಾಕಿದೀನಿ, ಅಷ್ಟೇ. ಬೇರೆ ಅಲ್ಲ ಅನ್ನೋಕೆ ನನ್ನ ಹತ್ರ ಪೂರ್ತಿ ಸಾಕ್ಷಿ ಇಲ್ಲ. ಮತ್ತೆ... ಇರೋದೊಂದು, ಇರಲಿ ಬಿಡು ಅಂತ ಅನ್ನಿಸ್ತು."

ಗೆದ್ದೆ! ಯಾವ ಖಂಡನೆಯೂ ಬೇಕಾಗಲಿಲ್ಲ. ಕೈಯಲ್ಲಿದ್ದ ತುತ್ತನ್ನು ತಟ್ಟೆಗೆ ಹಾಕಿದೆ. ಇರೋದೊಂದು, ಇರಲಿ ಬಿಡು! ಮುದುಕನ ಕೋಲಿನ ಬಗ್ಗೆ ಹೀಗೆ ಹೇಳುತ್ತಾರೆ, ವಿಜ್ಞಾನದ ಬಗ್ಗೆ ಅಲ್ಲ. ಅಕ್ಕನ ಕಡೆ ನೋಡಿದೆ. ಅವಳು ನೀರಿನ ಲೋಟದೊಳಗೆ ನೋಡುತ್ತಿದ್ದಳು. ಊಟಕ್ಕೆ ಕರೆದ ಫೋನಿನಲ್ಲಿ ಇನ್ನೇನು ಹೇಳಿರಬಹುದೆಂದು ಅರ್ಥವಾಯಿತು.

ಎದ್ದು ಹೋಗಿ ಬಚ್ಚಲಿನ ಬೀಗ ತೆಗೆದೆ. "ಬಾ ಇಲ್ಲಿ" ಎಂದೆ.

ಅವಳು ಬಂದು ನಿಂತಳು. ವಾಸನೆಗೆ ಹಿಂದೆ ಸರಿದು ಮತ್ತೆ ಮುಂದೆ ಬಂದಳು. ಬಾಲ್ಕನಿಯ ಕುಳ್ಳ ಗಿಡಗಳನ್ನೂ ತಂದು ಪಕ್ಕಕ್ಕಿಟ್ಟೆ. ಎಲ್ಲವೂ ಒಂದೇ ಇಳಿಜಾರಿನ, ಒಂದೇ ಬುಡದ ಗೆಡ್ಡೆಗಳು, ಒಂದೇ ಬಾಲ್ಕನಿ, ಒಂದೇ ಬಿಸಿಲು ಎಂದು ವಿವರಿಸಿದೆ.

ಹುಡುಗಿ ಒದ್ದೆ ನೆಲದ ಮೇಲೇ ಚಕ್ಕಳಮಕ್ಕಳ ಹಾಕಿ ಕೂತುಬಿಟ್ಟಳು. "ಸರ್, ಇಷ್ಟು ಚೊಕ್ಕವಾದ ಪ್ರಯೋಗ ನಾನು ನೋಡೇ ಇಲ್ಲ! ಯಾವುದಕ್ಕೆ ನೀರು, ಯಾವುದಕ್ಕೆ ಬೇಡ ಅಂತ ಯಾರು ಆರಿಸಿದ್ದು?"

"ನನ್ನ ಕಾಲು" ಎಂದಳು ಅಕ್ಕ, ಊಟದ ಮೇಜಿನಿಂದಲೇ.

ಸಂಜೆಯವರೆಗೆ ಅಳೆದೆವು. ಹುಡುಗಿ ಅಳೆದಳು, ನಾನು ಬರೆದುಕೊಂಡೆ, ಅಕ್ಕ ಅವಸರಿಸಿದಳು. ಮಧ್ಯದಲ್ಲಿ ಹುಡುಗಿ ಒಮ್ಮೆ ನಿಲ್ಲಿಸಿ, "ಸರ್, ನೀವು ಇದನ್ನ ತೋರಿಸ್ಬೇಕಾಗಿರ್ಲಿಲ್ಲ" ಎಂದಳು.

"ಬಚ್ಚಲು ಬೇಕಾಗಿತ್ತಮ್ಮ, ಅಕ್ಕನಿಗೆ" ಎಂದೆ. ಅದೂ ನಿಜವೇ.

ಏಪ್ರಿಲ್ 14, ಸೋಮವಾರ

ಒಂದು ಪ್ರಭೇದ ಕಡಿಮೆ. ಹಸಿವಿರಲಿಲ್ಲ. ಅಕ್ಕ ತಿನ್ನಿಸಿದಳು.

ಏಪ್ರಿಲ್ 22, ಮಂಗಳವಾರ

ಕಠಿಣವಾದ ಕೆಲಸ ಇವತ್ತು ಮುಗಿಸಿದೆ. ಗುರುಗಳಿಗೆ ಹೇಳಬೇಕಾಗಿತ್ತು. ತೊಂಬತ್ತರ ಹತ್ತಿರವಿದ್ದಾರೆ, ಮಗಳ ಮನೆಯಲ್ಲಿದ್ದಾರೆ, ಕಿವಿ ದೂರ. ಗಿಡಕ್ಕೆ ಅವರ ಹೆಸರಿಟ್ಟ ವರ್ಷದಿಂದಲೇ ಅವರು ನನ್ನೊಡನೆ ಬಿಗುವಾಗಿದ್ದಾರೆ. ಕಾರಣ ನನಗೆ ಎಂದೂ ತಿಳಿದಿರಲಿಲ್ಲ. ದೊಡ್ಡವರು, ಹೊಗಳಿಕೆ ಇಷ್ಟವಿಲ್ಲವೇನೋ ಅಂದುಕೊಂಡಿದ್ದೆ.

"ಗುರುಗಳೇ, ನಿಮ್ಮ ಈರುಳ್ಳಿ ಹೋಯ್ತು!" ಎಂದು ಕಿವಿಯ ಬಳಿ ಕೂಗಿದೆ.

"ಈರುಳ್ಳಿ ಬೇಡಪ್ಪ. ನಾನೀಗ ತಿನ್ನಲ್ಲ."

"ತಿನ್ನೋದಲ್ಲ! ನಾನು ನಿಮ್ಮ ಹೆಸರಿಟ್ಟಿದ್ನಲ್ಲ, ಅದು! ಅದು ಬೇರೆ ಪ್ರಭೇದ ಅಲ್ವಂತೆ!"

ಎದುರು ಮನೆಯ ಕಿಟಕಿ ತೆರೆದುಕೊಂಡಿತು. ಗುರುಗಳು ನಿಧಾನವಾಗಿ ಕನ್ನಡಕ ತೆಗೆದರು.

"ಹಾಗಾದ್ರೆ ಅದಕ್ಕೆ ನನ್ನ ಹೆಸರು ಇರಲ್ವಾ?"

"ಇರಲ್ಲ ಗುರುಗಳೇ. ಕ್ಷಮಿಸಿ."

"ಖಂಡಿತಾನಾ? ಮತ್ತೆ ಯಾರೂ ವಾಪಸು ತರಲ್ವಲ್ಲ?"

ಅವರು ಅಳುತ್ತಾರೆಂದು ಹೆದರಿದ್ದೆ. ಅವರು ನನ್ನ ಕೈ ಹಿಡಿದು ಕುಲುಕಿದರು. "ಕುಳ್ಳ, ಕೆಂಪು ಮೋರೆ, ಹೆಸರಿಗಷ್ಟೇ ಈರುಳ್ಳಿ, ಒಂದಿಷ್ಟೂ ಖಾರ ಇಲ್ಲ ಅಂತ ಬರೆದು, ಕೆಳಗೆ ನನ್ನ ಹೆಸರು ಹಾಕಿದ್ಯಲ್ಲಯ್ಯ! ಕ್ಲಾಸಲ್ಲಿ ಬೈದಿದ್ದಕ್ಕೆ ಸೇಡು ತೀರಿಸ್ಕೊಂಡ ಅಂತ ಇಷ್ಟು ವರ್ಷ ಅಂದ್ಕೊಂಡಿದ್ದೆ."

ಗುರುಗಳು ನನ್ನ ಹೆಗಲವರೆಗೂ ಬರುವುದಿಲ್ಲ, ಮುಖ ಸ್ವಲ್ಪ ಕೆಂಪಗಿದೆ ಎಂಬುದು ನನ್ನ ಗಮನಕ್ಕೆ ಬಂದದ್ದೇ ಇವತ್ತು. ಗೌರವದಲ್ಲಿ ಮನುಷ್ಯನಿಗೆ ಕಣ್ಣು ಕಾಣುವುದಿಲ್ಲ. ಕೂತು ಇಬ್ಬರೂ ನಕ್ಕೆವು. ಅವರು ಎರಡು ಸಲ ಬಿಸ್ಕತ್ತು ತರಿಸಿದರು. ಬಂದು ಅಕ್ಕನಿಗೆ ಹೇಳಿದರೆ, ನಕ್ಕೂ ನಕ್ಕೂ ಪ್ಲಾಸ್ಟರ್ ಒಡೆಯುತ್ತದೆಂದು ದಿಂಬು ಕಚ್ಚಿ ಹಿಡಿದಳು.

ಏಪ್ರಿಲ್ 30, ಬುಧವಾರ

ಹುಡುಗಿ ಹೊರಟಳು. ಪ್ರಬಂಧಕ್ಕೆ ಮೂವರ ಹೆಸರು. ನಾನು ಬೇಡವೆಂದರೂ ಕೇಳಲಿಲ್ಲ. "ಕೆಲಸ ಮಾಡಿದವರ ಹೆಸರು ಹೋಗ್ಬೇಕು ಸರ್" ಎಂದಳು. ಅಕ್ಷರಕ್ರಮದಲ್ಲಿ ಅಕ್ಕನದೇ ಮೊದಲು. ಅಕ್ಕ ಈಗ ಕೆಳಗಿನ ಮನೆಯಾಕೆಗೆ ವರ್ಗೀಕರಣ ಬೋಧಿಸುತ್ತಿದ್ದಾಳೆ.

ನನ್ನ ಹಾಳೆಯ ಮೇಲೆ ಹೊಸ ಚೀಟಿ ಅಂಟಿಸಬೇಕಾಗಿತ್ತು: ಇದು ಮಾಮೂಲಿ ಕಾಡು ಈರುಳ್ಳಿ, ಬಂಜರಿನ ರೂಪ. ಹುಡುಗಿ ಅಂಟಿನ ಡಬ್ಬಿ ಹಿಡಿದು ಹಿಂದೆಮುಂದೆ ನೋಡುತ್ತ ನಿಂತಿದ್ದಳು. ತೆಗೆದುಕೊಂಡು ನಾನೇ ಅಂಟಿಸಿದೆ. ಅವಳು ಅಂಟಿಸಿದರೆ ಯಾವಾಗಲೂ ಸೊಟ್ಟ.

ಬಸ್ಸಿಗೆ ಬಿಡಲು ಹೋಗಿದ್ದೆ. ಮುಂದಿನದು ಕಾಡು ಬೆಳ್ಳುಳ್ಳಿಗಳಂತೆ. ಕೇಸರ ನೋಡಲು ಜೊತೆಗೆ ಯಾರಾದರೂ ಬೇಕು ಎಂದಳು. ಯೋಚಿಸುತ್ತೇನೆ ಎಂದೆ. ಬಸ್ಸು ಹೊರಡುವ ಮೊದಲು ಕಿಟಕಿಯಲ್ಲಿ ಕೂಗಿ ಒಪ್ಪಿಕೊಂಡೆ, ಇಲ್ಲದಿದ್ದರೆ ಆಮೇಲೆ ಕಾಗದ ಪತ್ರ ಎಲ್ಲ ರಗಳೆ.

ಮೇ 3, ಶನಿವಾರ

ಅಕ್ಕನ ಪ್ಲಾಸ್ಟರ್ ಬಿಚ್ಚಿದರು. ಆಗಲೇ ಚೀಲ ತುಂಬುತ್ತಿದ್ದಾಳೆ.

ಒಂದೇ ಋತುವಿನ ಅಳತೆ ವಿಜ್ಞಾನದಲ್ಲಿ ಸಾಲದು, ಕುಂಡಗಳನ್ನು ಅದಲುಬದಲು ಮಾಡಿ ಇನ್ನೊಂದು ಸಲ ನೋಡಬೇಕು, ನೀರು ಹಾಕುವ ಕೈ ಬದಲಾಗಬಾರದು ಎಂದು ಅವಳಿಗೆ ವಿವರಿಸಿದೆ. ಕಾರಣಗಳನ್ನೆಲ್ಲ ಕೇಳಿಸಿಕೊಂಡಳು.

"ನಂಗೂ ಮನೆ ಇದೆ ಪುಟ್ಟಾ. ಸ್ನೇಹಿತರಿದಾರೆ. ಕುಂಡಗಳನ್ನ ಅಲ್ಲಿಗೆ ತಾ. ಭಾನುವಾರ ಭಾನುವಾರ ಬಂದು ಅಳ್ಕೊಂಡು ಹೋಗು."

"ನಾಲ್ಕು ಮಹಡಿ ಹೊರಬೇಕಾ?"

"ನಿನ್ನ ವಿಜ್ಞಾನ, ನಿನ್ನ ಬೆನ್ನು."

ಮೇ 11, ಭಾನುವಾರ

ಅಕ್ಕನ ಮನೆಗೆ ಹೋದೆ. ಅಳತೆಪಟ್ಟಿ ಮರೆತಿದ್ದೆ. ಊಟ ಮಾಡಿ ಬಂದೆ.

ಮನೆಯಲ್ಲಿ ರೇಡಿಯೊ ಕೆಟ್ಟಿದೆಯೇ ಎಂದು ನೋಡಿದೆ. ಕೆಟ್ಟಿಲ್ಲ. ಹಚ್ಚಿರಲಿಲ್ಲ.

ಮೇ 18, ಭಾನುವಾರ

ಇವತ್ತು ಅಳತೆಪಟ್ಟಿ, ಭೂತಗನ್ನಡಿ, ಪೆನ್ಸಿಲು ಎಲ್ಲ ತೆಗೆದುಕೊಂಡೇ ಹೋದೆ. ಅಕ್ಕನ ಮನೆಯಲ್ಲಿ ಅವಳ ಆಸ್ಪತ್ರೆಯ ಕಾಲದ ಗೆಳೆಯರು ಸೇರಿದ್ದರು. ಹೆರಿಗೆ ವಾರ್ಡಿನ ನರ್ಸು, ಔಷಧಿ ಕೊಠಡಿಯವರು, ಆಂಬುಲೆನ್ಸ್ ಓಡಿಸುತ್ತಿದ್ದವರು. ಇಸ್ಪೀಟಿಗೆ ಒಬ್ಬರು ಕಡಿಮೆಯಿದ್ದರು. "ಬಾ ಪುಟ್ಟಾ, ಕೂತ್ಕೋ" ಎಂದು ಎಲ್ಲರೂ ಒಟ್ಟಿಗೆ ಜಾಗ ಬಿಟ್ಟರು. ಆಗಲೇ ಎಲೆ ಹಂಚಿಬಿಟ್ಟಿದ್ದರು. ಹಂಚಿದ ಮೇಲೆ ಏಳುವುದು ಸಭ್ಯತೆಯಲ್ಲ.

ಆಂಬುಲೆನ್ಸಿನವರು ಹಾಡಹಗಲೇ ಮೋಸ ಮಾಡುತ್ತಾರೆ. ಹೆರಿಗೆ ವಾರ್ಡಿನವರು ನೋಡಿಯೂ ನೋಡದಂತಿರುತ್ತಾರೆ. ಅಕ್ಕ ಸೋತರೆ ಕಾಲು ನೋವೆನ್ನುತ್ತಾಳೆ. ಎದ್ದಾಗ ಕತ್ತಲಾಗಿತ್ತು. ಎಲೆ ಅಳೆಯಲು ಹೋದವನು ಎಲೆ ಹಾಕುತ್ತಾ ಕೂತೆ.

ಗಿಡಗಳು: ಚೆನ್ನಾಗಿದ್ದವು ಎಂದು ಕಾಣುತ್ತದೆ. ನೋಡಲಿಲ್ಲ.